ಒಣ ಊರಿನಲ್ಲಿ ಬೂಷ್ಟು ಹಿಡಿದ ಗೋಡೆ

ವಿಜಯಪುರದಲ್ಲಿ ಗೋಡೆಗೆ ಬೂಷ್ಟು ಹಿಡಿಯುತ್ತದೆ ಎಂದು ಯಾರಾದರೂ ಹೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಹಪ್ಪಳ ಹರವಿ ಒಳಗೆ ಹೋಗಿ ನೀರು ಕುಡಿದು ಬರುವಷ್ಟರಲ್ಲಿ ಅದು ಸೆಟೆದು ಕೂತಿರುವ ಊರು ಇದು. ಅಂಥ ಊರಿನಲ್ಲಿ, ಅಣ್ಣನ ಮಗಳ ಮದುವೆಗೆಂದು ಅಂಕೋಲೆಗೆ ಹೋಗಿ ಹದಿನೈದು ದಿನ ಬಿಟ್ಟು ವಾಪಸು ಬಂದು ಮಲಗುವ ಕೋಣೆಯ ಬಾಗಿಲು ತೆಗೆದರೆ, ಮೂಗಿಗೆ ಬಡಿದದ್ದು ಅಂಕೋಲೆಯ ವಾಸನೆ. ಆಷಾಢದಲ್ಲಿ ಟ್ರಂಕು ತೆಗೆದಾಗ ಬರುತ್ತದಲ್ಲ, ಅದೇ. ಬಚ್ಚಲಿಗೆ ತಾಗಿದ ಗೋಡೆ ಸೊಂಟದೆತ್ತರದವರೆಗೆ ಕಪ್ಪಗೆ, ಅಲ್ಲಲ್ಲಿ ಹಸಿರಾಗಿ, ಬುಸುಬುಸು ಉಬ್ಬಿ ನಿಂತಿತ್ತು. ಕಪಾಟಿನ ಹಿಂಬದಿಯೂ ಅದೇ ಕತೆ. "ಎಂತಾ ಕರ್ಮ ಮಾರಾಯ್ತಿ, ಇಲ್ಲಿಗೂ ಬಂದ್ಯಾ!" ಎಂದು ಬೂಷ್ಟನ್ನೇ ಕೇಳಿದೆ.

ಅಲ್ಲಿ ಕರಾವಳಿಯಲ್ಲಿ ಕೂತು ಓದುವ ನಿಮಗೆ ಇದು ದೊಡ್ಡ ಸುದ್ದಿಯೇ ಅಲ್ಲ, ಗೊತ್ತು. ನಮ್ಮ ಕಡೆ ಮಳೆಗಾಲದಲ್ಲಿ ಚಪ್ಪಲಿಗೂ ಬೂಷ್ಟು, ಬೆಲ್ಟಿಗೂ ಬೂಷ್ಟು, ದೇವರ ಪಟದ ಹಿಂದೆಯೂ ಬೂಷ್ಟು. ಒದ್ದೆ ಬಟ್ಟೆಯಲ್ಲಿ ಒರೆಸಿ ಮುಂದಿನ ಕೆಲಸ ನೋಡುತ್ತೇವೆ. ಆದರೆ ನನ್ನ ಎದೆ ಅದನ್ನು ಯಾವತ್ತೂ ಅಷ್ಟು ಸಲೀಸಾಗಿ ಬಿಟ್ಟಿದ್ದಿಲ್ಲ. ಹುಟ್ಟಿದಾಗಿನಿಂದ ಉಬ್ಬಸ ನನಗೆ. ಗಂಡನಿಗೆ ತಿಕೋಟಾದ ಶೀತಲಗೃಹದಲ್ಲಿ ಕೆಲಸ ಸಿಕ್ಕಿತೆಂದು ಈ ಕಡೆ ಬಂದವಳು ನಾನು. ಒಣದ್ರಾಕ್ಷಿಯನ್ನು ಕೆಡದಂತೆ ಇಡುವ ದೊಡ್ಡ ಗೋದಾಮು ಅದು. ಅವರು ದಿನವೂ ಬಸ್ಸಿನಲ್ಲಿ ಹೋಗಿಬರುತ್ತಾರೆ. ನನಗೆ ಇಲ್ಲೇ ಒಂದು ಆಸ್ಪತ್ರೆಯ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸವಾಯಿತು. ಬಂದ ಮೊದಲ ಬೇಸಿಗೆಯಲ್ಲಿ ತುಟಿ ಒಡೆಯಿತು, ಮೂಗಿನಿಂದ ರಕ್ತ ಬಂತು, ಊರಿಗೆ ಫೋನು ಮಾಡಿ ಅತ್ತುಬಿಟ್ಟೆ. ಎರಡನೆಯ ಬೇಸಿಗೆಯ ಹೊತ್ತಿಗೆ ಎದೆಯೊಳಗಿನ ಸೀಟಿ ನಿಂತಿದ್ದು ಗಮನಕ್ಕೆ ಬಂತು. ಅಂದಿನಿಂದ ಈ ಊರಿನ ಧೂಳು, ಬಿಸಿಲು, ಆಟೊದವರ ದಬಾಯಿಸುವಿಕೆ ಎಲ್ಲವನ್ನೂ ಕ್ಷಮಿಸಿದ್ದೇನೆ.

ಮನೆ ಹುಡುಕುವಾಗ ಮಾತ್ರ ಕ್ಷಮಿಸಲು ಸ್ವಲ್ಪ ಕಷ್ಟವಾಗಿತ್ತು. ಗೋಳಗುಮ್ಮಟದ ಸುತ್ತಮುತ್ತ ಎಷ್ಟು ಮನೆ ನೋಡಿದೆವೋ ಲೆಕ್ಕವಿಲ್ಲ. ಎಲ್ಲ ಕಡೆ ಚಹಾ ಕೊಟ್ಟು, ಊರು ಕೇಳಿ, ಅಂಕೋಲೆ ಎಂದ ಕೂಡಲೇ "ಹಂಗಾರ ಮೀನ ತಿಂತೀರೇನ್ರಿ?" ಎನ್ನುತ್ತಿದ್ದರು. ಹೌದು ಎಂದರೆ ಇನ್ನೊಂದು ಕಪ್ ಚಹಾ ಕೊಟ್ಟು ಮರ್ಯಾದೆಯಿಂದ ಕಳಿಸುತ್ತಿದ್ದರು. ಬಾಗಿಲು ಮುಚ್ಚುವುದರಲ್ಲೂ ಇಷ್ಟು ಉಪಚಾರ ನಾನು ನಮ್ಮ ಕಡೆ ಕಂಡಿಲ್ಲ. ಕಡೆಗೆ ನಮ್ಮದೇ ಅಡುಗೆಮನೆಯಲ್ಲಿ ನಮ್ಮದೇ ಬಂಗುಡೆ ಹುರಿದುಕೊಳ್ಳೋಣ ಎಂದು ಸಾಲ ಮಾಡಿ ಈ ಮನೆ ಕೊಂಡೆವು. ಸಾಲ ಕೊಟ್ಟ ಬ್ಯಾಂಕಿನವರು ಜೊತೆಗೇ ಕಟ್ಟಡಕ್ಕೊಂದು ವಿಮೆಯನ್ನೂ ಮಾಡಿಸಿದ್ದರು. ಸಹಿ ಹಾಕಿದ್ದೆವು, ಮರೆತಿದ್ದೆವು.

ಪಕ್ಕದ ಮನೆ ನೀಲಕ್ಕನದು. ಬಬಲೇಶ್ವರದ ಹತ್ತಿರ ಅವರ ದ್ರಾಕ್ಷಿ ತೋಟ. ಮೊಮ್ಮಕ್ಕಳ ಶಾಲೆಗೋಸ್ಕರ ಊರು ಬಿಟ್ಟು ಇಲ್ಲಿ ಬಂದು ಕೂತವರು, ಅಂದರೆ ಅವರೂ ಒಂದು ಲೆಕ್ಕದಲ್ಲಿ ವಲಸೆಯವರೇ. ಮನೆಯಲ್ಲಿ ಮೊಟ್ಟೆಯನ್ನೂ ಸೇರಿಸದ ಹೆಂಗಸು. ಆದರೆ ನಾನು ಮೀನು ಹುರಿದ ದಿನ ತಮ್ಮ ಕಿಟಕಿ ಮುಚ್ಚುತ್ತ, "ತಂಗೀ, ಇವತ್ತ ನಿಮ್ಮ ಸಮುದ್ರ ಬಂದೈತೇನ ಬೇ?" ಎಂದು ಕೂಗಿ ನಗುತ್ತಿದ್ದರು. ಅಷ್ಟೇ. ಸಂಜೆಗೆ ಕಟಕ ರೊಟ್ಟಿ, ಶೇಂಗಾ ಹಿಂಡಿ ಕಂಪೌಂಡಿನ ಮೇಲಿಂದ ಬಂದೇ ಬರುತ್ತಿತ್ತು. ಅವರ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ನಾನು ಈ ಕಡೆಯ ಮಾತು ಕಲಿತೆ. ಕೋಣೆಗೆ ಖೋಲಿ, ನಿಜಕ್ಕೆ ಖರೆ, ಉಬ್ಬಸಕ್ಕೆ ದಮ್ಮು, ನಲ್ಲಿ ನೀರಿಗೆ ನಳ. ಇಲ್ಲಿ ನಳ ದಿನಾ ಬರುವುದಿಲ್ಲ. ಬಂದ ದಿನ ಬೀದಿಗೆ ಬೀದಿಯೇ ಬಿಟ್ಟ ಕೆಲಸ ಬಿಟ್ಟು ಮನೆಗೆ ಓಡುತ್ತದೆ, ಬಾವಿಯ ಊರಿನಿಂದ ಬಂದ ನನಗೆ ಅದೊಂದು ದೊಡ್ಡ ಪಾಠವಾಗಿತ್ತು.

ಈ ಬೂಷ್ಟಿನ ಮೂಲವೂ ಅದೇ ನಳ. ಊರಿಗೆ ಹೋಗುವಾಗ ಬೀಗದ ಕೈ ನೀಲಕ್ಕನ ಹತ್ತಿರ ಕೊಟ್ಟಿದ್ದೆವು. ನಾವಿಲ್ಲದಾಗ ನಳ ಬಂತು. ವಾಪಸು ಬಂದವರಿಗೆ ನೀರಿಲ್ಲದೆ ತೊಂದರೆಯಾಗದಿರಲಿ ಎಂದು ಆಕೆ ಮೋಟರು ಹಾಕಿ ಮೇಲಿನ ಟಾಕಿ ತುಂಬಿಸಿದ್ದರು. ಬಚ್ಚಲ ಗೋಡೆಯೊಳಗೆ ಇಳಿದುಬರುವ ಪೈಪಿನ ಸಂದು ಕಿತ್ತುಬಂದು, ಟಾಕಿಯ ನೀರೆಲ್ಲ ಗೋಡೆ ಕುಡಿದಿತ್ತು. ಆಕೆ ಕಾಲಿಟ್ಟದ್ದು ಅಂಗಳಕ್ಕೆ ಮತ್ತು ಮೋಟರಿನ ತನಕ ಮಾತ್ರ. ಗಂಡ ಹೆಂಡತಿ ಮಲಗುವ ಖೋಲಿಯನ್ನು ಅವರಿಲ್ಲದಾಗ ಇಣುಕಿ ನೋಡುವ ಜಾಯಮಾನ ಅವರದಲ್ಲ.

ವಾಪಸು ಬಂದ ವಾರದಲ್ಲೇ ನನ್ನ ಎದೆಯ ಸೀಟಿ ಶುರುವಾಯಿತು. ಪಡಸಾಲೆಯಲ್ಲಿ ಮಲಗಿದರೂ ಬಿಡಲಿಲ್ಲ. ನಮ್ಮ ಆಸ್ಪತ್ರೆಯ ಡಾಕ್ಟರು, ಗೋಡೆಯ ಗಿಲಾವು ಕೆತ್ತಿ ತೆಗೆಯುವವರೆಗೆ ಆ ಮನೆಯಲ್ಲಿ ಇರಬೇಡಿ ಎಂದುಬಿಟ್ಟರು. ಇರದೆ ಎಲ್ಲಿಗೆ ಹೋಗಲಿ? ಅಂಕೋಲೆಗೆ ಹೋದರೆ ಇನ್ನೂ ಚೆಂದ! ಮದುವೆಯ ಖರ್ಚಿನಿಂದ ಕೈ ಬರಿದಾಗಿತ್ತು. ಗೋಡೆ ಕೆತ್ತಿ, ಪೈಪು ಬದಲಿಸಿ, ಮತ್ತೆ ಕಟ್ಟಬೇಕೆಂದರೆ ಆ ಮರೆತ ವಿಮೆಯೊಂದೇ ದಾರಿಯಾಗಿತ್ತು. ಅದು ಬಾರದಿದ್ದರೆ ಮನೆ ಮಾರುವ ಮಾತನ್ನು ಗಂಡ ಒಮ್ಮೆ ಆಡಿಯೂ ಆಡಿದರು.

ವಿಮಾ ಕಂಪನಿಗೆ ಫೋನು ಮಾಡಿದೆ. ಆ ಕಡೆಯ ಹುಡುಗಿ ಸಮಾಧಾನದಿಂದ ತಿಳಿಸಿ ಹೇಳಿದಳು. ಬೂಷ್ಟಿಗೆ ಅಂತ ವಿಮೆ ಇಲ್ಲ. ತಿಂಗಳುಗಟ್ಟಲೆ ಜಿನುಗಿ ಬಂದ ಬೂಷ್ಟಾದರೆ ಅದು ಮನೆಯವರ ಅಲಕ್ಷ್ಯ, ಒಂದು ಬಿಡಿಗಾಸೂ ಇಲ್ಲ. ಪೈಪು ಇದ್ದಕ್ಕಿದ್ದಂತೆ ಒಡೆದು, ಅದರಿಂದ ಗೋಡೆ ಕೆಟ್ಟು ಬೂಷ್ಟು ಬಂದಿದ್ದರೆ ಅದು ಆಕಸ್ಮಿಕ, ಕಟ್ಟಡದ ಮಟ್ಟಿಗೆ ಕೊಡುತ್ತಾರೆ. ಕಪಾಟು, ಬಟ್ಟೆ ನಮ್ಮ ವಿಮೆಯಲ್ಲಿ ಸೇರಿಲ್ಲ. ನಷ್ಟ ಅಳೆಯುವ ಸರ್ವೇಯರ್ ಬರುತ್ತಾರೆ, ಅಲ್ಲಿಯವರೆಗೆ ಫೋಟೊ ತೆಗೆದಿಡಿ, ಗೋಡೆ ಮುಟ್ಟಬೇಡಿ. ಒರೆಸಿ ಒರೆಸಿ ಬೆಳೆದ ಕೈ ನನ್ನದು, ಕಣ್ಣೆದುರಿನ ಬೂಷ್ಟನ್ನು ಮುಟ್ಟದೆ ಕೂರುವುದು ಎಂಥ ಶಿಕ್ಷೆ ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಸರ್ವೇಯರ್ ಬರುವ ದಿನ ಬೆಳಿಗ್ಗೆ ಲ್ಯಾಬಿಗೆ ಹೋಗಿ, ಮಧ್ಯಾಹ್ನ ರಜೆ ಹಾಕಿ ಬಂದೆ. ಬಾಗಿಲು ತೆರೆದಿತ್ತು. ಒಳಗೆ ಸೀರೆ ಎತ್ತಿ ಕಟ್ಟಿ, ಮೊಣಕೈವರೆಗೂ ಸುಣ್ಣ ಮಾಡಿಕೊಂಡು ನೀಲಕ್ಕ ನಿಂತಿದ್ದರು. ಗೋಡೆ ಬೆಳ್ಳಗೆ ಹೊಳೆಯುತ್ತಿತ್ತು.

"ನೀಲಕ್ಕಾ! ಏನು ಮಾಡಿದಿರಿ ಇದು?"

"ಮತ್ತೇನ ಬೇ? ಪರ ಊರ ಸಾಹೇಬ ಬರಾಕತ್ತಾನ. ಹೊಲಸ ಗ್ವಾಡಿ ಮುಂದ ಕುರ್ಚಿ ಹಾಕಿ ಕುಂದ್ರಸ್ತೀಯೇನು? ನೋಡಿದವರು ಏನಂದಾರು? ನಿನಗರ ದಮ್ಮ, ಹಚ್ಚಾಕ ಆಗಂಗಿಲ್ಲ. ಅದಕ ನಾನ ಬಂದು ಹಚ್ಚೇನಿ."

ಮನೆಗೆ ಯಾರೇ ಬರಲಿ, ಹಬ್ಬವಿರಲಿ, ಹೆಣ್ಣು ನೋಡುವವರಿರಲಿ, ಮೊದಲು ಗೋಡೆಗೆ ಸುಣ್ಣ. ಈ ಕಡೆಯ ರೂಢಿ ಅದು. ನಷ್ಟ ನೋಡಲು ಬರುವವನಿಗೂ ಸುಣ್ಣ ಬಳಿದು ತೋರಿಸುತ್ತಾರೆಂದು ನಾನು ಮಾತ್ರ ಎಣಿಸಿರಲಿಲ್ಲ. ಅಳು ಬರಬೇಕೋ ನಗು ಬರಬೇಕೋ ತಿಳಿಯದೆ ಕೂತೆ. ಕಾರಣ ಹೇಳಿದಾಗ ಆಕೆ ಬೆಪ್ಪಾಗಿ ಗೋಡೆ ನೋಡಿದರು. ಆಮೇಲೆ ಸೆರಗು ಬಿಗಿದು, "ಹೆದರಬ್ಯಾಡ ತಂಗಿ. ಆ ಸಾಹೇಬಗ ನಾ ಹೇಳತೇನಿ" ಎಂದರು.

ಸರ್ವೇಯರ್ ಹುಬ್ಬಳ್ಳಿ ಕಡೆಯವರು, ಮೆತ್ತಗಿನ ಮನುಷ್ಯ. ಸುಣ್ಣ ನೋಡಿ ನಕ್ಕರು. ನನ್ನ ಫೋಟೊಗಳನ್ನು ಮೊದಲೇ ನೋಡಿದ್ದರು. ತೇವ ತೋರಿಸುವ ಸಣ್ಣದೊಂದು ಯಂತ್ರವನ್ನು ಗೋಡೆಗೆ ಒತ್ತಿದರೆ ಅದು ಕಿರುಚಿತು. ಬಚ್ಚಲ ಗೋಡೆಯ ಟೈಲ್ಸು ತೆಗೆಸಿ ಕಿತ್ತುಬಂದ ಸಂದನ್ನೂ ನೋಡಿದರು. ನನಗೆ ಹೋದ ಜೀವ ಬಂದಂತಾಯಿತು.

"ಸಂದು ಬಿಟ್ಟದ್ದು ಖರೆ ಐತ್ರಿ," ಎಂದರು. "ಯಾವಾಗ ಬಿಟ್ಟಿತು ಅನ್ನೋದು ಪೈಪ್ ಹೇಳಂಗಿಲ್ಲ, ನೀವ ಹೇಳಬೇಕು. ಭಾಳ ದಿನದಿಂದ ಸೋರತಿತ್ತೇನು?"

ನಾನು ಬಾಯಿ ತೆರೆಯುವ ಮೊದಲೇ ನೀಲಕ್ಕ ಮುಂದೆ ಬಂದರು. "ಭಾಳ ಅಂದ್ರ? ವರ್ಷಾತ್ರೀ ಯಪ್ಪಾ! ಪಾಪ, ಈ ತಂಗಿ ವರ್ಷದಿಂದ ಒದ್ದಾಡಾಕತ್ತಾಳ. ಗ್ವಾಡಿ ಒಳಗ ನೀರು, ಎದ್ಯಾಗ ದಮ್ಮು. ನಾ ಕಣ್ಣಾರೆ ನೋಡೇನ್ರಿ. ಬೀಗದ ಕೈ ನನ್ನ ಹತ್ತರಾನ ಇರತೈತಿ."

ಆಕೆ ಯಾಕೆ ಹಾಗೆ ಹೇಳಿದರು ಎಂದು ನನಗೆ ಆ ಕ್ಷಣವೇ ಗೊತ್ತಾಯಿತು. ಆಲಿಕಲ್ಲು ಬಿದ್ದು ದ್ರಾಕ್ಷಿ ಹಾಳಾದಾಗ ತೋಟಕ್ಕೆ ಪಂಚನಾಮೆಗೆ ಬಂದವರ ಕತೆಯನ್ನು ಎಷ್ಟೋ ಸಲ ಹೇಳಿದ್ದರು. ಅಧಿಕಾರಿಯ ಮುಂದೆ ಕಷ್ಟವನ್ನು ಇದ್ದಷ್ಟೇ ಹೇಳಿದರೆ ಅರ್ಧ ಕಡಿಯುತ್ತಾರೆ, ಒಂದೀಟು ಹೆಚ್ಚೇ ಹೇಳಬೇಕು ಎಂಬುದು ಅವರು ಅನುಭವಿಸಿ ಕಲಿತದ್ದು. ತೋಟದಲ್ಲಿ ಅದು ಸರಿಯೋ ಏನೋ. ಇಲ್ಲಿ ಅವರ ಒಂದೊಂದು ಮಾತೂ ನನ್ನ ಗೋಡೆಯನ್ನು ವಿಮೆಯಿಂದ ಆಚೆಗೆ ದೂಡುತ್ತಿತ್ತು. ಸರ್ವೇಯರ್ ಪೆನ್ನು ತೆಗೆದರು. "ವರ್ಷ ಆಗಿದ್ರ ಕಷ್ಟ ಐತ್ರಿ ಮೇಡಂ," ಎಂದರು.

ನಾನು ಸುಮ್ಮನಿದ್ದಿದ್ದರೆ ನೀಲಕ್ಕನ ಮಾನ ಉಳಿಯುತ್ತಿತ್ತು. ನನಗೆ ಉಸಿರು ಬೇಕಾಗಿತ್ತು.

"ಇಲ್ಲ ಸರ್. ಅವರು ಹೇಳಿದ್ದು ಸುಳ್ಳು," ಎಂದೆ. ಇನ್ನೂ ಮೆತ್ತಗೆ ಹೇಳಬಹುದಿತ್ತು. ಹೆದರಿಕೆಯಲ್ಲಿ ಅದೇ ಪದ ಬಂತು. "ಅವರು ಈ ಕೋಣೆಗೆ ಬಂದೇ ಇರಲಿಲ್ಲ. ನಾವು ಊರಿಗೆ ಹೋಗುವಾಗ ಗೋಡೆ ಒಣಗಿತ್ತು. ನಾವಿಲ್ಲದಾಗ ಅವರು ಟಾಕಿ ತುಂಬಿಸಿದ್ದಾರೆ, ಆಗ ಸಂದು ಕಿತ್ತಿದೆ."

ನೀಲಕ್ಕ ನನ್ನನ್ನು ನೋಡಿದರು. ಕೈಯಲ್ಲಿನ್ನೂ ಸುಣ್ಣವಿತ್ತು. "ಅಂದ್ರ ಗ್ವಾಡಿ ಕೆಡಿಸಿದಾಕಿ ನಾನ ಏನು?" ಎಂದರು.

"ಹಾಗಲ್ಲ ನೀಲಕ್ಕಾ..."

"ಇವರದೇನೂ ತಪ್ಪಿಲ್ಲರೀ," ಎಂದು ಸರ್ವೇಯರೂ ಸೇರಿಸಿದರು, "ಟಾಕಿ ಯಾರು ತುಂಬಿದ್ರೂ ಸಂದು ಬಿಡತಿತ್ತು. ಇದು ಆಕಸ್ಮಿಕ."

ಕಂಪನಿಗೆ ಆ ಪದ ಸಾಕು. ಮನುಷ್ಯರಿಗೆ ಅದು ಸಾಕಾಗುವುದಿಲ್ಲ. ನೀಲಕ್ಕ ಬಚ್ಚಲಲ್ಲಿ ಕೈ ತೊಳೆದು, ಸರ್ವೇಯರಿಗೆ "ಚಹಾ ಕುಡದ ಹೋಗ್ರಿ" ಎಂದು ಉಪಚಾರ ಹೇಳಿ, ಬೀಗದ ಕೈಯನ್ನು ಕಿಟಕಿಯ ಮೇಲಿಟ್ಟು ಹೋದರು.

ವಿಮೆ ಮಂಜೂರಾಯಿತು. ಗಿಲಾವು ಕೆತ್ತಿದರು, ಪೈಪು ಬದಲಾಯಿತು. ಕೆತ್ತಿದ ಗೋಡೆಯನ್ನು ಈ ಊರಿನ ಬಿಸಿಲು ಕಿಟಕಿಯಿಂದಲೇ ಒಣಗಿಸಿ ಕೊಟ್ಟಿತು. ಕಪಾಟನ್ನು ನಾವೇ ಗುಜರಿಗೆ ಹಾಕಿದೆವು. ಸುದ್ದಿ ಕೇಳಿ ಅಂಕೋಲೆಯಿಂದ ಅಕ್ಕ ಫೋನಿನಲ್ಲಿ ಬಿದ್ದು ಬಿದ್ದು ನಕ್ಕಳು: "ಬೂಷ್ಟಿಗೆ ದುಡ್ಡು ಕೊಡ್ತ್ರಾ? ನಮ್ಮೂರಿಗೆ ಕೊಡ್ಲಿಕ್ಕೆ ಹೊರಟ್ರೆ ಕಂಪನಿ ಮುಳುಗ್ತದೆ ಮಾರಾಯ್ತಿ." ನಾನೂ ನಕ್ಕೆ, ಕೆಮ್ಮು ಬರಲಿಲ್ಲ. ಎಂಥ ಸುಖ ಅದು! ಆದರೆ ಆ ಸುಖವನ್ನು ಮೊದಲು ಹೇಳಬೇಕು ಅನ್ನಿಸಿದ್ದು ಅಕ್ಕನಿಗಲ್ಲ.

ಕೆಲವು ದಿನ ಕಾದೆ. ಕಂಪೌಂಡಿನ ಆಚೆ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಈ ಕಡೆಗೆ ಏನೂ ಬರಲಿಲ್ಲ. ಮೀನು ಹುರಿದ ದಿನ ಕಿಟಕಿ ಮೊದಲೇ ಮುಚ್ಚಿತ್ತು. ಗಂಡ, "ಹೋಗಿ ಮಾತಾಡು, ಅವರೇನು ಹುಲಿಯಾ?" ಎಂದರು. ಹುಲಿಯಾಗಿದ್ದರೆ ಸುಲಭವಿತ್ತು, ಗರ್ಜಿಸಿ ಮುಗಿಸುತ್ತಿತ್ತು.

ಒಂದು ಭಾನುವಾರ ಸಂಜೆ ಹೋದೆ. ನೀಲಕ್ಕನೇ ಬಾಗಿಲು ತೆಗೆದರು. ತಂಗಿ ಎನ್ನದೆ "ಬರ್ರಿ," ಎಂದರು. ನಾನು ಅಡುಗೆಮನೆಯ ಕಡೆ ಹೆಜ್ಜೆ ಹಾಕಿದ್ದೆ. "ಅಲ್ಲಿ ಹೊಗಿ ಐತ್ರಿ, ಇಲ್ಲೆ ಕುಂದರ್ರಿ," ಎಂದು ಪಡಸಾಲೆಯಲ್ಲಿ ಕುರ್ಚಿ ಎಳೆದು, ಸೆರಗಿನಿಂದ ಒರೆಸಿ ಹಾಕಿದರು. ಬಸಿಯ ಮೇಲೆ ಕಪ್ಪು ಇಟ್ಟು ಚಹಾ ತಂದರು. ಜೊತೆಗೆ ಬಿಸ್ಕೀಟು.

"ಸುಳ್ಳು ಅನ್ನಬಾರದಾಗಿತ್ತು ನೀಲಕ್ಕ, ತಪ್ಪಾಯಿತು," ಎಂದೆ.

"ಸುಳ್ಳ ಇತ್ತಲ್ರಿ. ಅಂದ್ರಿ," ಎಂದರು. ಸಿಟ್ಟಿರಲಿಲ್ಲ ಆ ಮಾತಿನಲ್ಲಿ. "ನಮ್ಮಾಕಿ ಅಂತ ತಿಳದು ಸುಳ್ಳ ಹೇಳಿದ್ನಿ. ನಮ್ಮಾಕಿ ಆಗಿದ್ರ ಮನ್ಯಾಗ ಬಾಗಲಾ ಹಾಕ್ಕೊಂಡು ಬೈತಿದ್ದಳು, ಮಂದಿ ಮುಂದ ಅಂತಿದ್ದಿಲ್ಲ."

ನಾನು ಇರುವುದು ಇದೇ ಊರಿನಲ್ಲಿ, ಅಂಕೋಲೆಯಲ್ಲಿ ನನ್ನ ಎದೆ ಬಾಳುವುದಿಲ್ಲ, ಇಲ್ಲಿ ಬಾಳುತ್ತದೆ. ಅದನ್ನು ಹೇಳೋಣವೆಂದುಕೊಂಡೆ. ಅಷ್ಟರಲ್ಲಿ ಆಕೆಯೇ, "ಗ್ವಾಡಿ ಒಣಗೇತೇನ್ರಿ? ದಮ್ಮ ಕಡಿಮಿ ಆತೇನ್ರಿ?" ಎಂದು ಕೇಳಿದರು. ಕೇಳಿದ್ದು ಉಪಚಾರಕ್ಕಲ್ಲ, ಮನಸ್ಸಿನಿಂದಲೇ.

"ಒಣಗಿದೆ. ಈಗ ಆರಾಮ ಇದ್ದೇನೆ."

"ಹಂಗಾದ್ರ ಛಲೋ ಆತು ಬಿಡ್ರಿ."

ಚಹಾ ಮುಗಿದ ಮೇಲೂ ನಾನು ಏಳಲಿಲ್ಲ. ಖಾಲಿ ಕಪ್ಪು ಹಿಡಿದು ಕೂತೇ ಇದ್ದೆ. ಆಕೆ ಎದುರಿಗೆ ಕೂತು ಅವರೆಕಾಯಿ ಸುಲಿಯತೊಡಗಿದರು. ಹೋಗು ಅನ್ನಲಿಲ್ಲ. ಇರು ಅಂತಲೂ ಅನ್ನಲಿಲ್ಲ.