ಗೋಲ್‌ಕೀಪರ್ ಸೋಲಿಸಿದಳಂತೆ

“ನಾವು ಸೋತಿಲ್ರಿ, ನಮ್ಮ ಗೋಲ್‌ಕೀಪರ್ ಸೋಲಿಸ್ಯಾಳ.”

ಮೈಕ್ ಹಿಡಿದು ಹೀಗೆ ಹೇಳಿದವರು ಎದುರಾಳಿ ತಂಡದವರಲ್ಲ. ತಮಾಷೆಗೆ ಬಂದು ನಿಂತ ಪ್ರೇಕ್ಷಕರೂ ಅಲ್ಲ. ಆ ಹುಡುಗಿಗೆ ಚೆಂಡು ಹಿಡಿಯುವುದನ್ನು ಕಲಿಸಿದ ಕೋಚ್. ಲಕ್ಷ್ಮೇಶ್ವರದ ಮೈದಾನದಲ್ಲಿ ಕಾಲೇಜು ಹುಡುಗಿಯರ ಫುಟ್‌ಬಾಲ್ ಪಂದ್ಯ ಆಗತಾನೆ ಮುಗಿದಿತ್ತು. ನಮ್ಮ ಹುಡುಗಿಯರು ಐದು ಗೋಲು ತಿಂದು ಸೋತಿದ್ದರು. ಎರಡೂ ತಂಡದ ಕೋಚ್‌ಗಳು ಒಂದೆರಡು ಮಾತಾಡಲಿ ಎಂದು ಸಂಘಟಕರು ಮೈಕ್ ಕೊಟ್ಟರು. ನಮ್ಮವರು ಆಡಿದ ಮಾತು ಇದು.

ಆಗ ಆ ಗೋಲ್‌ಕೀಪರ್ ನನ್ನ ಪಕ್ಕದಲ್ಲೇ ಕುಳಿತಿದ್ದಳು. ಸೋಡಾ ಅಂಗಡಿಯಿಂದ ತಂದ ಐಸನ್ನು ಬಕೆಟ್ಟಿಗೆ ಹಾಕಿ, ಬಲಗೈಯನ್ನು ಅದರಲ್ಲಿ ಮುಳುಗಿಸಿಕೊಂಡಿದ್ದಳು. ಮಣಿಕಟ್ಟು ಬಾತು ಗುರುತು ಸಿಗದಂತಾಗಿತ್ತು. ಮಾತು ಕೇಳಿಸಿತು. ತಲೆ ಎತ್ತಲಿಲ್ಲ. ಎಡಗೈಯಲ್ಲಿ ಕಣ್ಣೊರೆಸಿಕೊಂಡು, “ಆಂಟಿ, ಇನ್ನೊಂದಿಷ್ಟು ಐಸ್ ಸಿಗತೈತೇನ್ರಿ?” ಎಂದಳು.

ಅವಳನ್ನು ರೇಣುಕಾ ಎಂದು ಕರೆಯುತ್ತೇನೆ. ಮುಂಡರಗಿ ತಾಲೂಕಿನ ಡೋಣಿಯ ಹುಡುಗಿ. ಅಪ್ಪ ನಿಂಗಪ್ಪ ಗೌಂಡಿ ಕೆಲಸದವರು. ಅದೇ ತಂಡದಲ್ಲಿ ಆಡುವ ನನ್ನ ಮಗಳನ್ನು ಭೂಮಿಕಾ ಎನ್ನುತ್ತೇನೆ. (ಹೆಸರು ಬದಲಿಸಿದ್ದೇನೆ. ಆದರೆ ಗದಗ-ಬೆಟಗೇರಿಯಂಥ ಊರಿನಲ್ಲಿ ಹೆಸರು ಬದಲಿಸಿ ಯಾರನ್ನು ಮುಚ್ಚಿಡಲು ಸಾಧ್ಯ?) ಕೋಚ್‌ಗೆ ಮಾತ್ರ ಬದಲಿ ಹೆಸರೂ ಬೇಡ. ಎಲ್ಲರೂ ಅವರನ್ನು ‘ಸರ್’ ಎನ್ನುತ್ತಾರೆ. ಅಷ್ಟು ಸಾಕು.

ನಾನು ಫುಟ್‌ಬಾಲ್ ಪಂಡಿತಳಲ್ಲ. ಆಫ್‌ಸೈಡ್ ಎಂದರೇನು ಎಂದು ಮಗಳು ಊಟದ ತಟ್ಟೆಯ ಮೇಲೆ ಶೇಂಗಾ ಕಾಳು ಜೋಡಿಸಿ ತೋರಿಸಿದರೂ ಇವತ್ತಿಗೂ ತಿಳಿದಿಲ್ಲ. ಆದರೆ ಬೆಟಗೇರಿಯಲ್ಲಿ ಸೀರೆ ಅಂಗಡಿ ಇಟ್ಟುಕೊಂಡು ದಿನವಿಡೀ ಮನುಷ್ಯರ ಮುಖ ನೋಡುವವಳು. ಮನುಷ್ಯರು ಬದಲಾಗುವುದು ನನಗೆ ಕಾಣುತ್ತದೆ.

ಸರ್ ಮೊದಲು ಹೀಗಿರಲಿಲ್ಲ. ಇದನ್ನು ಹೇಳದಿದ್ದರೆ ಅನ್ಯಾಯವಾದೀತು. ಹುಡುಗಿಯರ ತಂಡ ಕಟ್ಟುವ ಹೊತ್ತಿಗೆ ಅವರೇ ಮನೆಮನೆಗೆ ಬಂದವರು. ನಮ್ಮ ಮನೆಗೂ ಬಂದಿದ್ದರು. ನಮ್ಮತ್ತೆ ಮಗ್ಗದ ಮೇಲಿಂದ ಏಳಲೇ ಇಲ್ಲ. ಹುಡುಗಿ ಚಡ್ಡಿ ಹಾಕಿಕೊಂಡು ಚೆಂಡು ಒದೆಯುವುದಾದರೆ ಲಗ್ನ ಯಾರು ಆಗುತ್ತಾರೆ ಎಂದು ಕೇಳಿದರು. ಸರ್ ಮಗ್ಗದ ಪಕ್ಕ ನೆಲದ ಮೇಲೇ ಕುಳಿತರು. ಚಹಾ ಆರಿಹೋಗುವವರೆಗೆ ಮಾತಾಡಿದರು. ತಮ್ಮ ಮಗಳೂ ಆಡುತ್ತಾಳೆ, ಕರೆದುಕೊಂಡು ಹೋದಷ್ಟೇ ಜೋಪಾನವಾಗಿ ಮನೆಗೆ ತಂದು ಬಿಡುತ್ತೇನೆ ಎಂದರು. ನಮ್ಮತ್ತೆ ಒಪ್ಪಿದರು. ಲಗ್ನ, ಚಡ್ಡಿ ಎಲ್ಲ ಮರೆತು ಮೊಮ್ಮಗಳ ಬೂಟಿಗೆ ತಾವೇ ಲೇಸು ತಂದುಕೊಟ್ಟರು.

ಡೋಣಿಗೂ ಹೀಗೇ ಹೋಗಿದ್ದರಂತೆ. ನಿಂಗಪ್ಪನವರು ಆಗ ಗೋಡೆ ಕಟ್ಟುತ್ತಿದ್ದರಂತೆ. ಸರ್ ಕೆಳಗೆ ನಿಂತು, “ನಿಮ್ಮ ಮಗಳ ಕೈ ಬಂಗಾರದ ಕೈರಿ” ಎಂದಿದ್ದರಂತೆ.

ತಂಡ ಗೆದ್ದಿತು. ಶಿರಹಟ್ಟಿಯಲ್ಲಿ ಗೆದ್ದಿತು, ಮುಂಡರಗಿಯಲ್ಲಿ ಗೆದ್ದಿತು, ಹೊರಜಿಲ್ಲೆಗೂ ಹೋಗಿ ಗೆದ್ದು ಬಂದಿತು. ಸರ್‌ಗೆ ಶಾಲು, ಹಾರ, ಪೇಪರಿನಲ್ಲಿ ಫೋಟೊ. ಮೊದಮೊದಲು ಫೋಟೊದಲ್ಲಿ ಹುಡುಗಿಯರು ಮುಂದೆ, ಅವರು ಹಿಂದೆ. ಆಮೇಲೆ ಅವರು ನಡುವೆ. ಆಮೇಲೆ ಅವರೊಬ್ಬರೇ.

ಅಲ್ಲಿಂದ ಶುರುವಾಯಿತು ನೋಡಿ. ಬೆಳಗಿನ ಪ್ರ್ಯಾಕ್ಟೀಸಿಗೆ ಹುಡುಗಿಯರು ಬಂದು ನಿಂತಿರುತ್ತಿದ್ದರು, ಸರ್ ಬರುತ್ತಿರಲಿಲ್ಲ. ಬಂದ ದಿನ ಬೈಗುಳ. ಹೊಗಳಿದವರಿಗೆ ಜಾಗ, ಪ್ರಶ್ನೆ ಕೇಳಿದವರಿಗೆ ಬೆಂಚು. ಇನ್ನೊಬ್ಬ ಗೋಲ್‌ಕೀಪರ್ ಇದ್ದಳು, ಹೊಂಬಳದವಳು. ‘ಸರ್, ಪ್ರ್ಯಾಕ್ಟೀಸ್ ಇಲ್ಲದೆ ಗೆಲ್ಲೋದು ಹ್ಯಾಂಗ?’ ಎಂದು ಒಂದು ಸಲ ಕೇಳಿಬಿಟ್ಟಳು. ಮರುದಿನದಿಂದ ತಂಡದಲ್ಲಿಲ್ಲ. ಹೀಗೇ ಒಬ್ಬೊಬ್ಬರಾಗಿ ಒಳ್ಳೆಯ ಆಟಗಾರ್ತಿಯರು ಬಿಟ್ಟುಹೋದರು. ತಂಡ ಸೋಲತೊಡಗಿತು. ಒಂದು ಸೋಲಿಗೆ ಮೈದಾನ ಕಾರಣ, ಇನ್ನೊಂದಕ್ಕೆ ರೆಫರಿ, ಮತ್ತೊಂದಕ್ಕೆ ಹುಡುಗಿಯರ ಮೊಬೈಲು. ಸರ್ ಮಾತ್ರ ಯಾವ ಸೋಲಿಗೂ ಕಾರಣರಲ್ಲ.

ಹಿಂದೆಲ್ಲ ಆರಾಮಾಗಿ ಸೋಲಿಸುತ್ತಿದ್ದ ಶಿರಹಟ್ಟಿಯ ತಂಡವೇ ಈ ಸಲ ಐದು ಗೋಲು ಹೊಡೆದದ್ದು.

ಪಂದ್ಯಕ್ಕೆ ಮುಂಚೆ ಏನಾಯಿತು ಎಂದು ಅವತ್ತು ಸಂಜೆ ಮನೆಗೆ ಬಂದ ಮೇಲೆ ಭೂಮಿಕಾ ಹೇಳಿದಳು. ನಾನು ಕೇಳದೆಯೇ ಹೇಳಿದಳು, ಅಳುತ್ತಾ ಹೇಳಿದಳು. ಅದೇ ವಾರ ಪ್ರ್ಯಾಕ್ಟೀಸಿನಲ್ಲಿ ರೇಣುಕಾ ಕೈ ಊರಿ ಬಿದ್ದಿದ್ದಳು. ಡಾಕ್ಟರು ಪಟ್ಟಿ ಸುತ್ತಿ, ಕೈಗೆ ಪೂರ್ತಿ ವಿಶ್ರಾಂತಿ ಕೊಡು ಎಂದಿದ್ದರು. ಪಂದ್ಯದ ದಿನ ಅವಳು ಆ ಕೈಯನ್ನು ಸರ್ ಎದುರಿಗೆ ಹಿಡಿದು ತೋರಿಸಿದಳು. ಭೂಮಿಕಾ ಅಲ್ಲೇ ಪಕ್ಕದಲ್ಲಿ ಕೂತು ಬೂಟು ಕಟ್ಟುತ್ತಿದ್ದಳು. ಸರ್ ಅಂದದ್ದು ಇಷ್ಟು:

“ಪಟ್ಟಿ ಬಿಚ್ಚು. ರೆಫರಿ ನೋಡಿದ್ರ ಆಡಾಕ ಬಿಡಂಗಿಲ್ಲ. ಆಡ್ತಿ ಅಂದ್ರ ಆಡು, ಇಲ್ಲಾಂದ್ರ ಜರ್ಸಿ ಕಳದಿಟ್ಟು ಡೋಣಿ ಬಸ್ ಹತ್ತು.”

ರೇಣುಕಾ ಪಟ್ಟಿ ಬಿಚ್ಚಿದಳು. ಬೇರೆ ಏನು ಮಾಡಬೇಕಿತ್ತು? ಇನ್ನೊಬ್ಬ ಗೋಲ್‌ಕೀಪರನ್ನು ಓಡಿಸಿ ಆಗಿತ್ತು. ಆ ಕೈಯಲ್ಲೇ ಆಡಿದಳು. ಮೊದಲ ಗೋಲು ತಡೆಯಲು ಹಾರಿದಾಗ ಅದೇ ಕೈಯ ಮೇಲೆ ಬಿದ್ದಳು. ಮುಂದಿನ ನಾಲ್ಕು ಗೋಲನ್ನು ಅವಳು ಒಂದೇ ಕೈಯಲ್ಲಿ ಎದುರಿಸಿದಳು. ನಾನು ನೋಡುತ್ತಾ ಕೂತಿದ್ದೆ; ಈ ಹುಡುಗಿ ಯಾಕೆ ಬಲಗೈ ಎತ್ತುತ್ತಿಲ್ಲ ಎಂದುಕೊಂಡೆ.

ಎಕ್ಸ್‌ರೇಯಲ್ಲಿ ಮಣಿಕಟ್ಟಿನ ಮೂಳೆ ಮುರಿದದ್ದು ಕಾಣಿಸಿತು. ಪ್ಲಾಸ್ಟರ್ ಹಾಕಿದರು. ಮೂಳೆ ಕೂಡುತ್ತದೆ, ಆದರೆ ಇನ್ನು ಮುಂದೆ ಗೋಲ್‌ಕೀಪಿಂಗ್ ಬೇಡವೇ ಬೇಡ ಎಂದರು ಡಾಕ್ಟರು. ಆಸ್ಪತ್ರೆಗೆ ಸರ್ ಬರಲಿಲ್ಲ. ಫೋನೂ ಮಾಡಲಿಲ್ಲ. ತಂಡದ ವಾಟ್ಸಾಪ್ ಗ್ರೂಪಿನಲ್ಲಿ ಮಾತ್ರ ಬರೆದರು: ಗಾಯ ಮುಚ್ಚಿಟ್ಟು ತಂಡಕ್ಕೆ ಸುಳ್ಳು ಹೇಳುವವರಿಗೆ ಇಲ್ಲಿ ಜಾಗವಿಲ್ಲ.

ಇದನ್ನು ಓದಿದ ಮೇಲೆ ನಿಂಗಪ್ಪನವರು ನನ್ನ ಅಂಗಡಿಗೆ ಬಂದರು. ಜಗಳಕ್ಕೆ ಬಂದವರಲ್ಲ. ಪ್ರಿನ್ಸಿಪಾಲರ ಹತ್ತಿರ ಹೋಗಬೇಕು, ಮಾತಾಡಿ ರೂಢಿ ಇಲ್ಲ, ನೀವು ಜೊತೆಗೆ ಬರುತ್ತೀರಾ ಎಂದು ಕೇಳಿದರು. ಬರುತ್ತೇನೆ ಎಂದೆ. ನನ್ನ ಮಗಳು ಕಣ್ಣಾರೆ ಕಂಡಿದ್ದಾಳೆ, ಹೆದರಬೇಡಿ ಎಂದೂ ಹೇಳಿದೆ. ಎಷ್ಟು ಧೈರ್ಯವಾಗಿ ಹೇಳಿದೆ ಗೊತ್ತೇ?

ಪ್ರಿನ್ಸಿಪಾಲರ ಕೋಣೆಯಲ್ಲಿ ಸರ್ ಆಗಲೇ ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದರು. ಪ್ರಿನ್ಸಿಪಾಲರು ನಮಗೂ ಕುರ್ಚಿ ತೋರಿಸಿದರು. ನಿಂಗಪ್ಪನವರು ಕೂರಲಿಲ್ಲ. ರೇಣುಕಾ ಕುತ್ತಿಗೆಗೆ ತೂಗುಹಾಕಿದ ಪ್ಲಾಸ್ಟರಿನ ಕೈ ಹಿಡಿದುಕೊಂಡು ಅಪ್ಪನ ಪಕ್ಕದಲ್ಲಿ ನಿಂತಳು. ನಡೆದದ್ದನ್ನು ನಡೆದ ಹಾಗೆಯೇ ಹೇಳಿದಳು. ಪ್ರಿನ್ಸಿಪಾಲರು ಸರ್ ಕಡೆ ತಿರುಗಿದರು.

“ಆಕಿ ನಂಗ ಕೈ ತೋರಿಸೇ ಇಲ್ರಿ. ತೋರಿಸಿದ್ರ ಆಡಿಸ್ತಿದ್ನೇನು? ನನಗೂ ಮಗಳು ಅದಾಳ,” ಎಂದರು ಸರ್.

ಸಣ್ಣದೊಂದು ನಡುಕವೂ ಇಲ್ಲ ದನಿಯಲ್ಲಿ. ನಮ್ಮತ್ತೆಯ ಎದುರು ನೆಲದ ಮೇಲೆ ಕುಳಿತು ಹೇಳಿದ್ದೂ ಇದೇ ಮಗಳ ಮಾತು.

ಪ್ರಿನ್ಸಿಪಾಲರು ಇಬ್ಬರು ಆಟಗಾರ್ತಿಯರನ್ನು ಕರೆಸಿದರು. ಮೊದಲು ಬಂದವಳು ಸರ್ ಮುಖ ನೋಡಿ, ತನಗೇನೂ ಕೇಳಿಸಿಲ್ಲ ಎಂದಳು. ಎರಡನೆಯವಳು ಭೂಮಿಕಾ.

ನನಗೆ ಒಂದಿಷ್ಟೂ ಅನುಮಾನವಿರಲಿಲ್ಲ. ರೇಣುಕಾಳಿಗೂ ಇರಲಿಲ್ಲ. ಭೂಮಿಕಾ ಒಳಗೆ ಬಂದದ್ದೇ ರೇಣುಕಾಳ ಮುಖದಲ್ಲಿ ಹೋದ ಜೀವ ಬಂದಂತಾಯಿತು. ಇಬ್ಬರೂ ಒಂದೇ ಡಬ್ಬಿಯಲ್ಲಿ ಉಂಡವರು. ಮಳೆ ಬಂದು ಬಸ್ ತಪ್ಪಿದಾಗಲೆಲ್ಲ ರೇಣುಕಾ ಮಲಗುತ್ತಿದ್ದದ್ದು ನಮ್ಮ ಮನೆಯಲ್ಲೇ.

“ನಾ ದೂರ ಇದ್ದೆರಿ. ನಂಗೇನೂ ಗೊತ್ತಿಲ್ಲ,” ಎಂದಳು ನನ್ನ ಮಗಳು.

ಮನೆಯಲ್ಲಿ ಹೇಳಿದ್ದನ್ನು ಇಲ್ಲೂ ಹೇಳು ಎಂದೆ. ಅವಳು ನೆಲ ನೋಡುತ್ತಾ, “ನಾ ಮನ್ಯಾಗ ಏನೂ ಹೇಳಿಲ್ಲವ್ವಾ,” ಎಂದಳು.

ಪ್ರಿನ್ಸಿಪಾಲರು ನಕ್ಕರು. ಮನೆಯ ಮಾತನ್ನು ಮನೆಯಲ್ಲೇ ಬಗೆಹರಿಸಿಕೊಳ್ಳಿ ಮೇಡಂ ಎಂದರು. ಮುಗಿಯಿತು ವಿಚಾರಣೆ.

ಹೊರಡುವ ಮುಂಚೆ ನಿಂಗಪ್ಪನವರು ಸರ್ ಕಡೆ ತಿರುಗಿ ಬಾಯಿ ಬಿಟ್ಟರು.

“ಸಾಹೇಬ್ರ, ಕೈ ಮುರದದ್ದು ಮುರೀತು. ನಂಗ ಏನೂ ಕೊಡಬ್ಯಾಡ್ರಿ, ಯಾರಿಗೂ ಏನೂ ಮಾಡಬ್ಯಾಡ್ರಿ. ನನ್ನ ಮಗಳು ಸುಳ್ಳು ಹೇಳ್ಯಾಳ ಅಂತ ಬರದೀರಲ್ಲ, ಅದೊಂದು ತಗದುಬಿಡ್ರಿ.”

ನೋಡೋಣ ಎಂದರು ಸರ್, ಮೊಬೈಲಿನಿಂದ ಕಣ್ಣು ಕೀಳದೆ. ಇವತ್ತಿನವರೆಗೂ ತೆಗೆದಿಲ್ಲ.

ಕಾರಿಡಾರಿನಲ್ಲಿ ಅವರು ನಮ್ಮನ್ನು ದಾಟಿ ಹೋದರು. ಹೋಗುವಾಗ ಭೂಮಿಕಾಳ ತಲೆಯ ಮೇಲೆ ಕೈಯಿಟ್ಟು ಶಾಣ್ಯಾ ಹುಡುಗಿ ಎಂದರು. ನನ್ನ ಮಗಳನ್ನು ಯಾರಾದರೂ ಹೊಗಳಿದಾಗ ನನಗೆ ಹೇಸಿಗೆಯಾದದ್ದು ಅದೇ ಮೊದಲು.

ಅಪ್ಪ ಮಗಳನ್ನು ಬಸ್ ಸ್ಟ್ಯಾಂಡಿನವರೆಗೆ ಬಿಡಲು ಹೋದೆ. ಏನು ಮಾತಾಡಲಿ? ಕ್ಷಮಿಸಿ ಎಂದರೆ ಆ ಶಬ್ದಕ್ಕೇ ಅವಮಾನ. ಮುಂಡರಗಿ ಬಸ್ ಬಂತು. ನಿಂಗಪ್ಪನವರು ಸೀಟು ಹಿಡಿಯಲು ಮೊದಲು ಹತ್ತಿದರು. ರೇಣುಕಾ ಮೆಟ್ಟಿಲ ಹತ್ತಿರ ನಿಂತು ತಿರುಗಿದಳು.

“ಆಂಟಿ, ಭೂಮಿಕಾಗ ಬೈಬ್ಯಾಡ್ರಿ. ನನ್ನ ಆಟಂತೂ ಮುಗೀತು. ಆಕೀದಾದ್ರೂ ಇರಲಿ.”

ಅವಳು ಬಾಯಿಗೆ ಬಂದಂತೆ ಬೈದಿದ್ದರೂ ನನಗೆ ಇಷ್ಟು ತಾಗುತ್ತಿರಲಿಲ್ಲ.

ಮನೆಗೆ ಬಂದು ನಾನು ಬೈಯಲಿಲ್ಲ. ಯಾಕೆ ಎಂದು ಕೇಳಿದೆ, ಅಷ್ಟೇ. ಭೂಮಿಕಾ ಈ ಸಲ ಅಳಲಿಲ್ಲ. ವಿಶ್ವವಿದ್ಯಾಲಯದ ತಂಡಕ್ಕೆ ಹೆಸರು ಕಳಿಸುವವರು ಸರ್. ಕ್ಯಾಪ್ಟನ್ ಮಾಡುವವರು ಸರ್. ಹೊಂಬಳದ ಹುಡುಗಿ ಒಂದು ಪ್ರಶ್ನೆ ಕೇಳಿ ಏನಾದಳು ನೋಡಿದೆಯಲ್ಲ ಎಂದಳು. ಆಮೇಲೆ ತಣ್ಣಗೆ ಕೇಳಿದಳು: “ನಾ ಖರೆ ಹೇಳಿದ್ರ ರೇಣುಕಾನ ಕೈ ಕೂಡ್ತಿತ್ತೇನವ್ವಾ? ನನ್ನ ಹೆಸರೂ ಹೋಗ್ತಿತ್ತು, ಅಷ್ಟ.”

ಉತ್ತರ ಹೇಳಿ ನೋಡೋಣ. ಹದಿಹರೆಯ ಈಗಷ್ಟೇ ಮುಗಿಯುತ್ತಿರುವ ಹುಡುಗಿ. ಆಟವೆಂದರೆ ಜೀವ. ಆ ಜೀವದ ಚಾವಿ ಒಬ್ಬ ಮನುಷ್ಯನ ಜೇಬಿನಲ್ಲಿದೆ. ಸತ್ಯ ಹೇಳು ಎಂದು ನಾನು ಮನೆಯಲ್ಲಿ ಕೂತು ಹೇಳುವುದು ಸುಲಭ.

ನಮ್ಮೂರಿನ ಜನ ಈಗ ಕಟ್ಟೆಯ ಮೇಲೆ ಕೂತು ತಂಡ ಯಾಕೆ ಸೋಲುತ್ತಿದೆ ಎಂದು ಚರ್ಚೆ ಮಾಡುತ್ತಾರೆ. ಡಿಫೆನ್ಸ್ ಸರಿಯಿಲ್ಲವಂತೆ. ಹುಡುಗಿಯರಲ್ಲಿ ಸ್ಟ್ಯಾಮಿನಾ ಇಲ್ಲವಂತೆ. ಅಲ್ಲ ಸ್ವಾಮಿ, ಪಕ್ಕದಲ್ಲಿ ಆಡುವವಳ ಕೈ ಮುರಿದಾಗ ‘ನಾ ನೋಡೇ ಇಲ್ಲ’ ಎನ್ನಲು ಕಲಿತವರು ಅವಳಿಗೆ ಪಾಸ್ ಕೊಡುತ್ತಾರೆಯೇ? ಸೋಲು ಮೈದಾನಕ್ಕೆ ಬಂದದ್ದು ಆಮೇಲೆ. ಮೊದಲು ಬಂದದ್ದು ಸರ್ ನಡತೆಗೆ. ಅಲ್ಲಿಂದ ಮಕ್ಕಳಿಗೆ. ಅದು ಪ್ರಿನ್ಸಿಪಾಲರಿಗೆ ಕಾಣುವುದಿಲ್ಲ, ಹಳೆಯ ಟ್ರೋಫಿಗಳು ಅವರ ಟೇಬಲ್ಲಿನ ಹಿಂದೆಯೇ ಹೊಳೆಯುತ್ತಿವೆ. ಪಾಲಕರಿಗೆ ಕಂಡರೂ ಕಾಣುವುದಿಲ್ಲ, ಅವರವರ ಮಗಳ ಹೆಸರು ಸರ್ ಕೈಯಲ್ಲಿದೆ.

ಮೊನ್ನೆ ಸೋಮವಾರ ಹೊಸ ಕ್ಯಾಪ್ಟನ್ ಹೆಸರು ಹೇಳಿದರು. ಭೂಮಿಕಾ.

ನಮ್ಮತ್ತೆಗೆ ಏನೂ ಗೊತ್ತಿಲ್ಲ. ಓಣಿಗೆಲ್ಲ ಪೇಢೆ ಹಂಚಿದರು. ನನ್ನ ಕೈಗೂ ಒಂದು ಇಟ್ಟರು. ಗೋಡೆಯ ಕಡೆ ತಿರುಗಿ ನಿಂತಿದ್ದ ಮಗಳ ಬೆನ್ನು ನೋಡುತ್ತಾ ಅದನ್ನು ಹಾಗೇ ತಟ್ಟೆಯಲ್ಲಿಟ್ಟೆ. ಅವಳೂ ತಿನ್ನಲಿಲ್ಲ.

ಈ ಬರಹವನ್ನು ಪತ್ರಿಕೆಗೆ ಕಳಿಸುವ ಮುಂಚೆ ಅವಳಿಗೆ ಓದಲು ಕೊಟ್ಟೆ. ಅವಳ ವಿಷಯ, ಅವಳಿಗೆ ತಿಳಿಯದೆ ಬರಬಾರದು. ಬಾಗಿಲ ಹೊಸ್ತಿಲ ಮೇಲೆ ಕೂತು ಕೊನೆಯವರೆಗೆ ಓದಿದಳು. ಒಂದು ಕಡೆ ನಿಲ್ಲಿಸಿ, ಪಟ್ಟಿ ಬಿಚ್ಚು ಎಂದ ಮೇಲೆ ಸರ್ ಇನ್ನೊಂದು ಮಾತೂ ಅಂದಿದ್ದರು, ಅದನ್ನು ಬರೆಯಲು ಬರುವುದಿಲ್ಲ ಎಂದಳು. ಹಾಳೆಗಳನ್ನು ಮಡಿಸಿ ನನ್ನ ಕೈಗೆ ಕೊಟ್ಟಳು.

“ಇದು ಪೇಪರ್‌ನ್ಯಾಗ ಬಂದ್ರ ನನ್ನ ಕ್ಯಾಪ್ಟನ್ಸಿ ಹೋಗ್ತೈತಿ, ಗೊತ್ತಿಲ್ಲ ನಿನಗ?” ಎಂದಳು.

ಕಳಿಸಬೇಡ ಎಂದು ಮಾತ್ರ ಹೇಳಲಿಲ್ಲ.