ಟೈಲರಮ್ಮನ ಗಟ್ಟಿ ಹೊಲಿಗೆ

ಟೈಲರಮ್ಮನಿಗೆ ಅನುಮಾನ ಹುಟ್ಟುಗುಣ. ಗಿರಾಕಿ ತಂದ ಬಟ್ಟೆಯನ್ನು ಎರಡೆರಡು ಸಲ ಅಳೆಯುವಳು, ತರಕಾರಿಯವನ ತಕ್ಕಡಿಯನ್ನು ಬಗ್ಗಿ ನೋಡುವಳು. ಗಂಡ ಬೇಗ ಮನೆಗೆ ಬಂದರೂ ಯಾಕೆ ಬೇಗ ಬಂದೆ ಎಂದು ಕೇಳುವಳು, ತಡವಾದರಂತೂ ಬಿಡಿ. ತನ್ನ ಹೊಲಿಗೆಯನ್ನು ಮಾತ್ರ ಜನ್ಮದಲ್ಲಿ ಅನುಮಾನಿಸಿದವಳಲ್ಲ. ಬಟ್ಟೆ ಹರಿದರೂ ಹರಿದೀತು, ನನ್ನ ಹೊಲಿಗೆ ಬಿಡುವುದಿಲ್ಲ ಎಂಬುದು ಅವಳ ಜಂಬ. ಸುಳ್ಳು ಜಂಬವೇನಲ್ಲ.

ಮಗಳನ್ನು ಎಲ್ಲರೂ ಕರೆಯುವುದು ಗುಂಡಿ ಎಂದು. ಅಂಬೆಗಾಲಿಡುವಾಗಲೇ ಅಂಗಿ ಗುಂಡಿಗಳ ಡಬ್ಬಿಯಲ್ಲಿ ಕೈಯಿಟ್ಟು ಕೂತಿರುತ್ತಿದ್ದಳು, ಅದಕ್ಕೆ. ಈಗ ಶಾಲೆಗೆ ಹೋಗುವ ಹುಡುಗಿ. ಕುಕ್ಕರ್ ಕೂಗಿದರೆ ಕಿವಿ ಮುಚ್ಚಿಕೊಂಡು ಮಂಚದಡಿ ಸೇರುವಳು. ತಲೆ ಬಾಚುವುದೆಂದರೆ ಬೀದಿಗೆಲ್ಲ ಕೇಳುವ ರಂಪ. ಮೈಮೇಲೆ ಬಟ್ಟೆ ನಿಲ್ಲದು, ಎಳೆದು ಕಿತ್ತು ಹಾಕುವಳು. ಈ ಮಗುವಿನ ಚರ್ಮ, ಕಿವಿ ಎಲ್ಲ ನಮಗಿಂತ ಚುರುಕು, ನಮಗೆ ತಾಗಿದ್ದೇ ಗೊತ್ತಾಗದ್ದು ಅವಳಿಗೆ ನೋವಾಗುತ್ತದೆ, ಬೇಕೆಂದು ಮಾಡುವ ಹಟವಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ಟೈಲರಮ್ಮ ತಲೆಯಾಡಿಸಿ ಬಂದಳು, ನಂಬಲಿಲ್ಲ. ಅದು ಹೇಗೆ ಕೀಳುತ್ತಾಳೋ ನೋಡಿಯೇ ಬಿಡೋಣ ಎಂದು ಮಗಳ ಫ್ರಾಕುಗಳಿಗೆಲ್ಲ ನೈಲಾನ್ ದಾರದಲ್ಲಿ ಇನ್ನೊಂದು ಸುತ್ತು ಹೊಲಿಗೆ ಹಾಕಿದಳು.

ಶಾಲೆ ಬಿಟ್ಟ ಮೇಲೆ, ಟೈಲರಮ್ಮ ಅಂಗಡಿ ಮುಚ್ಚುವವರೆಗೆ, ಗುಂಡಿ ಇರುತ್ತಿದ್ದದ್ದು ಕೆಳಗಿನ ಮನೆಯ ಇಸ್ತ್ರಿ ಅಕ್ಕನ ಹತ್ತಿರ. ಒಂಟಿ ಹೆಂಗಸು, ಮಾತು ಕಡಿಮೆ. ಅಲ್ಲಿ ಒಂದು ದಿನವೂ ಗುಂಡಿಯ ಅಳು ಕೇಳಿದವರಿಲ್ಲ. ಬೇರೆ ತಾಯಿಯಾಗಿದ್ದರೆ ಸದ್ಯ ಎಂದು ಉಸಿರು ಬಿಡುತ್ತಿದ್ದಳು. ಈಕೆಗೆ ಕಸಿವಿಸಿ. ಹೆತ್ತವಳ ಕೈಗೆ ಬಗ್ಗದ ಮಗು ಅಲ್ಲಿ ತೆಪ್ಪಗಿರಬೇಕಾದರೆ ಆ ಹೆಂಗಸು ಏನೋ ಕುಡಿಸುತ್ತಾಳೆ, ಇಲ್ಲ ಹೆದರಿಸುತ್ತಾಳೆ. ದಿನಾ ಸಂಜೆ ಮಗಳ ಬಾಯಿ ಮೂಸಿ ನೋಡಿದಳು. ಏನೂ ಸಿಗಲಿಲ್ಲ. ಆದರೆ ಕಂಕುಳಲ್ಲಿ, ಸೊಂಟದ ಸುತ್ತ ಕೆಂಪು ಗೀರುಗಳು ಸಿಕ್ಕವು.

"ಯಾರು ಚಿವುಟಿದ್ದು?"

ಇಸ್ತ್ರಿ ಅಕ್ಕನಾ ಎಂದರೆ ಗುಂಡಿ ಅಲ್ಲವೆಂದು ತಲೆಯಾಡಿಸಿದಳು. ಮತ್ತ್ಯಾರು ಎಂದರೆ ಬಾಯಿಗೆ ಬೀಗ. ಇಲ್ಲದ್ದೆಲ್ಲ ತಲೆಗೆ ಹಚ್ಚಿಕೊಳ್ಳಬೇಡ ಎಂದ ಗಂಡ. ಅವನ ಮೇಲೂ ಒಂದು ಕಣ್ಣು ಬಿತ್ತು.

ಆಮೇಲೊಂದು ಸಂಜೆ ಫ್ರಾಕಿನ ಗುಂಡಿ ತಪ್ಪು ಕಾಜಾಕ್ಕೆ ಸೇರಿತ್ತು. ಬೆಳಿಗ್ಗೆ ತನ್ನ ಕೈಯಾರೆ ಸರಿಯಾಗಿ ಹಾಕಿದ್ದ ಗುಂಡಿ. ಅಂದರೆ ನಡುವೆ ಯಾರೋ ಮಗುವಿನ ಬಟ್ಟೆ ಬಿಚ್ಚಿದ್ದಾರೆ. ನಾಳೆ ಕಣ್ಣಾರೆ ನೋಡಿ ಹಿಡಿಯುವುದು, ಮತ್ತೆಂದೂ ಮಗಳನ್ನು ಆ ಮನೆಯ ಹೊಸಿಲು ತುಳಿಸದಿರುವುದು ಎಂದು ಟೈಲರಮ್ಮ ನಿಶ್ಚಯಿಸಿದಳು.

ಮರುದಿನ ಅರ್ಧ ಹೊಲಿದ ತೋಳನ್ನು ಮಿಷನ್ನಿನಲ್ಲೇ ಬಿಟ್ಟು ಬಂದು ಕೆಳಗಿನ ಮನೆಯ ಕಿಟಕಿಯಲ್ಲಿ ಇಣುಕಿದಳು. ಇಸ್ತ್ರಿ ಮೇಜಿನ ಪಕ್ಕದಲ್ಲಿ, ಆಗಷ್ಟೇ ಇಸ್ತ್ರಿಯಾದ ದಪ್ಪ ಹಾಸುಗಳನ್ನು ಹೊದ್ದು ಗುಂಡಿ ಮಲಗಿದ್ದಳು. ನಿದ್ದೆಯಲ್ಲ, ಕಣ್ಣು ಬಿಟ್ಟುಕೊಂಡು ಏನೋ ಗುನುಗುತ್ತಿದ್ದಳು. ಹೊದಿಕೆಯಾಚೆ ಕಾಣುತ್ತಿದ್ದ ಫ್ರಾಕಿನ ತೋಳು ಉಲ್ಟಾ ಇತ್ತು, ಹೊಲಿಗೆಯೆಲ್ಲ ಹೊರಗೆ.

ಟೈಲರಮ್ಮ ಬಾಗಿಲು ತಳ್ಳಿದಳು. ಬೈಗುಳ ನಾಲಿಗೆ ತುದಿಯಲ್ಲಿತ್ತು. ಅಷ್ಟರಲ್ಲಿ ಗುಂಡಿ ದಡಬಡಿಸಿ ಎದ್ದು, ಫ್ರಾಕನ್ನು ತಲೆಯಿಂದ ಎಳೆದು ಸರಿಮಾಡತೊಡಗಿದಳು.

"ಹಾಕ್ಕೋತೀನಮ್ಮ, ಸರಿಯಾಗಿ ಹಾಕ್ಕೋತೀನಿ."

ಇಸ್ತ್ರಿ ಅಕ್ಕ ಪೆಟ್ಟಿಗೆಯನ್ನು ಎತ್ತಿಟ್ಟಳು. "ಒಳಗಡೆ ಹೊಲಿಗೆ ಚುಚ್ಚತ್ತಂತೆ. ತಿರುವಿ ಹಾಕ್ಕೊಂಡು, ಮೇಲೆ ಭಾರವಾಗಿ ಏನಾದ್ರೂ ಹೊದ್ಕೊಂಡ್ರೆ ಹಾಯಾಗಿರ್ತಾಳೆ."

"ನಂಗ್ಯಾಕೆ ಹೇಳ್ಲಿಲ್ಲ ನೀವು?"

"ಹೇಳಲ್ಲ ಅಂತ ನನ್ನ ಹತ್ರ ಭಾಷೆ ತಗೊಂಡಿದಾಳಮ್ಮ. ಅಮ್ಮ ಹೊಲಿದಿದ್ದು, ಗೊತ್ತಾದ್ರೆ ಬೇಜಾರು ಮಾಡ್ಕೋತಾಳೆ ಅಂತ."

ಟೈಲರಮ್ಮ ಫ್ರಾಕನ್ನು ಕೈಗೆ ತೆಗೆದುಕೊಂಡು ಸೊಂಟದ ಹೊಲಿಗೆಯ ಮೇಲೆ ಬೆರಳಾಡಿಸಿದಳು. ನೈಲಾನ್ ದಾರದ ತುದಿಗಳು ಮುಳ್ಳಿನ ಹಾಗೆ ತಾಗಿದವು. ಈ ಹೊಲಿಗೆಯನ್ನು ಎಷ್ಟು ಸಲ ಎಳೆದು ನೋಡಿ ಹಿಗ್ಗಿದ್ದಳು, ಗಟ್ಟಿಯಿದೆ ಎಂದು. ಚಿವುಟಿದವರು ಯಾರೆಂದು ಗೊತ್ತಾಯಿತು. ನಾಚಿಕೆಯಿಂದ ಇಸ್ತ್ರಿ ಅಕ್ಕನ ಮುಖ ನೋಡಲಾಗಲಿಲ್ಲ. ಫ್ರಾಕನ್ನು ಮತ್ತೆ ಹೊಲಿಗೆ ಹೊರಗಾಗುವಂತೆ ತಿರುವಿ ತಾನೇ ಮಗಳಿಗೆ ತೊಡಿಸಿದಳು.

"ನಿಂಗೆ ಬೇಜಾರಿಲ್ವಾ?" ಎಂದಳು ಗುಂಡಿ.

"ಇಲ್ಲ ಕಂದ."

ಗುಂಡಿ ನಂಬಲಿಲ್ಲ. ತಾಯಿಯ ಮಗಳು ತಾನೆ. ಮೆಟ್ಟಿಲು ಹತ್ತುವಾಗ ಉದ್ದಕ್ಕೂ ತಿರುತಿರುಗಿ ಅಮ್ಮನ ಮುಖವನ್ನೇ ನೋಡುತ್ತಿದ್ದಳು.