ವೇಟಿಂಗ್ ರೂಮಿನ ಮೂಲೆ

ಕೊಳ್ಳೇಗಾಲ, ಹನೂರು, ಯಳಂದೂರು, ಈ ಮೂರು ತಾಲ್ಲೂಕಿಗೂ ರೈಲಿಲ್ಲ. ಸರ್ವೆ ಮಾತ್ರ ಆಗುತ್ತಲೇ ಇರುತ್ತದೆ. ಹಾಗಿದ್ದೂ ರೈಲು ಯಾರ ಕೈಯಲ್ಲಿರಬೇಕು ಎಂಬ ಬಗ್ಗೆ ನಮ್ಮೂರು ಅಗರದ ಟೀ ಅಂಗಡಿಯಲ್ಲಿ ನನ್ನಷ್ಟು ಮಾತಾಡಿದವರಿಲ್ಲ. "ಸರ್ಕಾರದ ಕೈಲಿದ್ರೆ ಒಂದು ನಲ್ಲೀನೂ ನೆಟ್ಟಗಿರಲ್ಲ, ಖಾಸಗಿಯವ್ರಿಗೆ ಕೊಟ್ಬುಡ್ಲಿ" ಎನ್ನುತ್ತಿದ್ದೆ.

ಅವ್ವನಿಗೆ ಕ್ಯಾನ್ಸರ್ ಆಯಿತು. ಮೂರು ವಾರಕ್ಕೊಮ್ಮೆ ಮೈಸೂರಿನಲ್ಲಿ ಇಂಜೆಕ್ಷನ್. ಬಸ್ಸಿನ ಕುಲುಕಾಟಕ್ಕೆ ವಾಂತಿಯಾಗುತ್ತಿದ್ದುದರಿಂದ ಪಕ್ಕದ ತಾಲ್ಲೂಕಿನವರೆಗೆ ಮಾತ್ರ ಬಸ್ಸು, ಅಲ್ಲಿಂದ ರೈಲು. ಅವ್ವ ಕೊರಳಿನ ಲಿಂಗಕ್ಕೆ ಪೂಜೆ ಮಾಡದೆ ತುತ್ತು ಮುಟ್ಟಿದವಳಲ್ಲ. ನಸುಕಿನಲ್ಲಿ ಅವಳಿಗೆ ಅನ್ನ ಸೇರುತ್ತಿರಲಿಲ್ಲ. ಮನೆಯಲ್ಲೇ ಪೂಜೆ ಮುಗಿಸು ಎಂದರೆ, "ಉಣ್ಣೋಕ್ ಮುಂಚೆ ಪೂಜೆ ಕಣ್ಲಾ, ಬಸ್ ಅತ್ತೋಕ್ ಮುಂಚೆ ಅಲ್ಲ" ಎನ್ನುವಳು. ಮೊಂಡುತನದಲ್ಲಿ ನಾನು ಅವಳ ಮಗನೇ.

ರೈಲು ನಿಲ್ದಾಣದ ವೇಟಿಂಗ್ ರೂಮಿನಲ್ಲಿ ಕಸ ಗುಡಿಸುವ ಹೆಂಗಸು ಅವಳಿಗಾಗಿ ಒಂದು ಬಕೆಟ್ ನೀರು ಎತ್ತಿಡುತ್ತಿದ್ದಳು. "ಬನ್ನಿ ಅವ್ವ, ಮೂಲೆ ಗುಡಿಸಿವ್ನಿ" ಎನ್ನುವಳು. ಅವ್ವ ಅಲ್ಲಿ ಕೂತು ಲಿಂಗವನ್ನು ಎಡ ಅಂಗೈಯಲ್ಲಿಟ್ಟು ವಿಭೂತಿ ಹಚ್ಚುವಳು. ಆಮೇಲೆ ಎರಡು ಇಡ್ಲಿ, ಮಾತ್ರೆ. ನನ್ನ ಕಣ್ಣಿಗೆ ಬಿದ್ದದ್ದು ಮುರಿದ ನಲ್ಲಿ, ಗೋಡೆಯ ಎಲೆಅಡಿಕೆ ಕಲೆ. ಅವ್ವ ಕಣ್ಣು ಮುಚ್ಚಿ ಕೂತಿದ್ದಾಗ ಹೋಗಿ ದೂರಿನ ಪುಸ್ತಕದಲ್ಲಿ ಒಂದು ಪುಟ ತುಂಬ ಗೀಚಿದೆ. ಇದನ್ನು ಖಾಸಗಿಯವರಿಗೆ ವಹಿಸಿ ಎಂದೂ ಬರೆದು ಸಹಿ ಹಾಕಿದೆ.

ನನ್ನೊಬ್ಬನ ದೂರಿನಿಂದಲೇ ಆಯಿತೆಂದು ಹೇಳುವಷ್ಟು ದೊಡ್ಡ ಮನುಷ್ಯ ನಾನಲ್ಲ. ಆದರೆ ಕೆಲವು ತಿಂಗಳಲ್ಲಿ ಅಲ್ಲಿ ಗಾಜಿನ ಬಾಗಿಲು, ಮೆತ್ತನೆಯ ಕುರ್ಚಿ ಬಂದವು. ಹೊಳೆಯುವ ನಲ್ಲಿಯೂ ಬಂತು. ಒಳಗೊಳಗೇ ಹಿಗ್ಗಿದೆ. ಗುಡಿಸುವ ಹೆಂಗಸು ಕಾಣಲಿಲ್ಲ. ಟಿಕೆಟ್ ತೆಗೆದುಕೊಂಡು ಒಳಗೆ ಹೋದೆವು. ಅವ್ವ ನೆಲದ ಮೇಲೆ ಕೂತದ್ದೇ ಕಾವಲಿನವನು ಬಂದ.

"ಇಲ್ಲಿ ಬೂದಿ ಗೀದಿ, ನೀರು ಚೆಲ್ಲೋದು ಎಲ್ಲಾ ಆಗಲ್ಲ ಸಾ. ಕಂಪ್ನಿ ರೂಲ್ಸು."

"ಇದು ಸರ್ಕಾರದ ಜಾಗ ಅಲ್ವೇನ್ರಿ?"

"ಜಾಗ ಸರ್ಕಾರದ್ದೇ ಸಾ. ಒಳಗಿರೋದೆಲ್ಲ ಕಂಪ್ನೀದು. ಪಬ್ಲಿಕ್ಕು ದೂರು ಕೊಟ್ಟಿದ್ಕೇ ಇಂಗ್ ಮಾಡಿರೋದು."

ಹೊರಗೆ ಜನರ ಕಾಲಡಿ ಕೂತು ಪೂಜೆ ಮಾಡಲು ಅವ್ವ ಒಪ್ಪಲಿಲ್ಲ. ಇಡ್ಲಿ ಡಬ್ಬಿಯಲ್ಲೇ ಉಳಿಯಿತು. ಆಸ್ಪತ್ರೆಯ ಸಾಲಿನಲ್ಲಿ ನಿಂತಲ್ಲೇ ಕುಸಿದಳು. ಡಾಕ್ಟರು ಅವತ್ತು ಇಂಜೆಕ್ಷನ್ ಕೊಡಲಿಲ್ಲ. ಮುಂದಿನ ಸಲವೂ ಇದೇ ಕಥೆ. ಆಮೇಲೆ ಅವಳು ಹೊರಡಲೇ ಇಲ್ಲ. ಕಾರು ಮಾಡುತ್ತೇನೆಂದು ಕಾಲು ಹಿಡಿದೆ. "ಸಾಕು ಮಗ, ಬುಟ್ಬುಡು" ಎಂದಳು. ನನ್ನ ಮೇಲೆ ನನಗೇ ಹೇಸಿಗೆಯಾಗಿತ್ತು.

ಹಾಸಿಗೆ ಹಿಡಿದ ಮೇಲೆ ಒಂದು ಮಧ್ಯಾಹ್ನ ಕೇಳಿದಳು. "ಆ ಬಕೀಟು ಇಡ್ತಿದ್ದವಳ ಕೆಲ್ಸ ಓಯ್ತಲ್ಲ, ಪಾಪ. ದೂರು ಕೊಟ್ಟೋರು ಯಾರ್ಲಾ?"

"ಯಾರೋ ಕಣವ್ವ" ಎಂದೆ.

"ಅವ್ರ್ ಮನೇಲಿ ಕಾಯ್ಲೆಯೋರು ಯಾರೂ ಇರ್ನಿಲ್ವೇನೋ" ಎಂದು ಗೋಡೆ ಕಡೆ ಮಗ್ಗುಲಾದಳು.